ಮಬ್ಬು ಬೆಳಕಿನಲ್ಲಿ ಬೆಟ್ಟ ಹೊಳೆಗಳು

‘ಫೋಟೋಗ್ರಫಿ’ ಎಂಬುದು ಗ್ರೀಕ್ ಮೂಲದ ಪದ. ‘ಬೆಳಕಿನ ಬರವಣಿಗೆ’ ಎಂದು ಅದರ ಅರ್ಥ. ನಮ್ಮ ಹಿರಿಯರು ಅದಕ್ಕೆ ಕನ್ನಡದಲ್ಲಿ ಹೆಸರಿಡುವಾಗ ಬೆಳಕನ್ನು ಬಿಟ್ಟು ನೆರಳನ್ನು ಹಿಡಿದರು, ‘ಛಾಯಾಚಿತ್ರ’ವೆಂದು ಕರೆದರು. ಛಾಯೆಯೆಂದರೆ ನೆರಳು; ಬಣ್ಣದ ನಸು ಏರಿಳಿತಕ್ಕೂ ಅದೇ ಹೆಸರು. ಹೆಸರಿಟ್ಟವರು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡಿದರೋ ಇಲ್ಲವೋ, ಪದವಂತೂ ಒಂದು ಸತ್ಯವನ್ನು ಹಿಡಿದಿಟ್ಟಿದೆ. ಚಿತ್ರವನ್ನು ಮಾಡುವುದು ಬರಿಯ ಬೆಳಕಲ್ಲ. ಬೆಳಕು ನೆರಳಿಗೆ ತಿರುಗುವಾಗ ನಡುವೆ ಬರುವ ಮೆಟ್ಟಿಲುಗಳು.

ಆದರೆ ಲೋಕದ ನಂಬಿಕೆ ಬೇರೆ. ಬಿಸಿಲು ಚೆನ್ನಾಗಿ ಬಿದ್ದರೆ ಚಿತ್ರವೂ ಚೆನ್ನಾಗಿ ಬೀಳುತ್ತದೆಂದು ಎಲ್ಲರೂ ತಿಳಿದಿದ್ದಾರೆ. ಗಗನಚುಕ್ಕಿಗೆ ಪ್ರವಾಸ ಹೋದ ದಿನ ಮೋಡ ಕವಿದರೆ ಮುಖ ಸಣ್ಣದು ಮಾಡಿಕೊಂಡು ಮೊಬೈಲನ್ನು ಜೇಬಿಗೆ ಸೇರಿಸುವವರೇ ಹೆಚ್ಚು. ಈ ನಂಬಿಕೆಗೆ ಒಂದು ಕಾಲದಲ್ಲಿ ಕಾರಣವಿತ್ತು. ಹಳೆಯ ಡಬ್ಬಿ ಕ್ಯಾಮರಾಗಳಲ್ಲಿ ಬೆಳಕು ಒಳಗೆ ಹೋಗುವ ಕಿಂಡಿ ಚಿಕ್ಕದು, ಫಿಲ್ಮೂ ಮಂದವಾದದ್ದು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲದಿದ್ದರೆ ಚಿತ್ರ ಮೂಡುವುದೇ ಕಷ್ಟವಾಗಿತ್ತು. ಆ ಕಾಲ ಹೋಯಿತು. ನಿಯಮ ಮಾತ್ರ ಉಳಿದುಕೊಂಡಿದೆ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯ ಬೆಟ್ಟ ಹೊಳೆಗಳಿಗೆ ಮೋಡದ, ಮಂಜಿನ, ಮುಂಜಾವಿನ ಮಬ್ಬು ಬೆಳಕೇ ತಕ್ಕ ಬೆಳಕೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೆದು ಬೆಳಕೆಂದರೇನು?

ಬೆಳಕು ಮೆದುವೋ ಗಡುಸೋ ಎಂಬುದು ಅದರ ಪ್ರಮಾಣದಿಂದ ನಿರ್ಧಾರವಾಗುವುದಿಲ್ಲ. ಅದು ಎಷ್ಟು ಅಗಲವಾದ ಜಾಗದಿಂದ ಬರುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆ. ನಮ್ಮ ಕಣ್ಣಿಗೆ ಸೂರ್ಯಬಿಂಬದ ಅಗಲ ಕೇವಲ ಅರ್ಧ ಡಿಗ್ರಿಯಷ್ಟು. ಅಷ್ಟು ಚಿಕ್ಕ ಬಿಂದುವಿನಿಂದ ಬಂದ ಬೆಳಕಿಗೆ ಬಂಡೆ ಅಡ್ಡ ನಿಂತರೆ ನೆರಳಿನ ಅಂಚು ಕತ್ತಿಯಿಂದ ಕೊಯ್ದಂತೆ ಬೀಳುತ್ತದೆ. ಅದೇ ಸೂರ್ಯನಿಗೆ ಮೋಡ ಅಡ್ಡ ಬಂದರೆ ಬೆಳಕು ಮೋಡದ ಕಣಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚೆದರುತ್ತದೆ. ಆಗ ಬೆಳಕು ಕೊಡುವುದು ಸೂರ್ಯನಲ್ಲ, ಇಡೀ ಆಕಾಶ. ಎಡದಿಂದ ಬಂದ ಬೆಳಕು ಹಾಕಿದ ನೆರಳನ್ನು ಬಲದಿಂದ ಬಂದ ಬೆಳಕು ತುಂಬುತ್ತದೆ. ಮದುವೆಮನೆಯಲ್ಲಿ ಫೋಟೋಗ್ರಾಫರು ದೀಪದ ಮುಂದೆ ಬಿಳಿಯ ಕೊಡೆ ಹಿಡಿಸುವುದು ಇದಕ್ಕಾಗಿಯೇ. ಮೋಡವೆಂದರೆ ದೇವರು ಬಿಚ್ಚಿದ ಬಿಳಿಯ ಕೊಡೆ.

ಬಯಲಿನಲ್ಲಿ ನಡುಹಗಲ ಬಿಸಿಲಿನ ಬೆಳಕು ಸುಮಾರು 1,00,000 ಲಕ್ಸ್. ಮೋಡ ಕವಿದ ಹಗಲಿನಲ್ಲಿ ಸುಮಾರು 10,000. ಹತ್ತರಲ್ಲಿ ಒಂದು ಪಾಲಾದರೂ ಚಿತ್ರಕ್ಕೆ ಅದು ಧಾರಾಳ. ಕ್ಯಾಮರಾ ತಡೆಯಲಾರದ್ದು ಬೆಳಕಿನ ಕೊರತೆಯನ್ನಲ್ಲ. ಒಂದೇ ನೋಟದಲ್ಲಿ ಅತಿ ಬಿಳಿ ಅತಿ ಕಪ್ಪು ಎರಡೂ ಇರುವುದನ್ನು. ಜಲಪಾತವನ್ನೇ ತೆಗೆದುಕೊಳ್ಳೋಣ. ಬಿಸಿಲಿನಲ್ಲಿ ನೊರೆ ಕಣ್ಣು ಕೋರೈಸುವ ಬಿಳಿ; ಪಕ್ಕದ ಒದ್ದೆ ಬಂಡೆ ಕಾಡಿಗೆ. ನೊರೆಗೆ ಹೊಂದಿಸಿದರೆ ಬಂಡೆ ಮುಳುಗುತ್ತದೆ. ಬಂಡೆಗೆ ಹೊಂದಿಸಿದರೆ ನೊರೆ ಸುಣ್ಣ ಬಳಿದ ಗೋಡೆಯಾಗುತ್ತದೆ. ನಮ್ಮ ಕಣ್ಣು ಎರಡನ್ನೂ ಒಂದಾದ ಮೇಲೊಂದರಂತೆ ನೋಡಿ ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತದೆ. ಯಂತ್ರಕ್ಕೆ ಆ ವಿವೇಕ ಕಡಿಮೆ. ಮೋಡ ಬಂದೊಡನೆ ಎರಡರ ನಡುವಣ ಅಂತರ ಕುಗ್ಗುತ್ತದೆ. ನೊರೆಯ ಎಳೆಯೂ ಬಂಡೆಯ ಪಾಚಿಯೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ.

ದೂರದ ಬೆಟ್ಟಗಳದ್ದು ಇನ್ನೊಂದು ಬಗೆ. ನಮಗೂ ಬೆಟ್ಟಕ್ಕೂ ನಡುವೆ ಗಾಳಿಯಿದೆ. ಆ ಗಾಳಿಯೂ ಬೆಳಕನ್ನು ಚೆದರಿಸುತ್ತದೆ. ಗಾಳಿಯ ಸೂಕ್ಷ್ಮ ಅಣುಗಳು ನೀಲಿಯನ್ನು ಹೆಚ್ಚಾಗಿ ಚೆದರಿಸುತ್ತವೆಂದು ಲಾರ್ಡ್ ರೇಲಿ ವಿವರಿಸಿದನು. ಆಕಾಶ ನೀಲಿಯಾಗಿರುವುದು ಅದರಿಂದ. ದೂರದ ಬೆಟ್ಟ ನೀಲಿಯಾಗಿರುವುದೂ ಅದರಿಂದಲೇ. ಕಡಲಿನ ನೀಲಿಯನ್ನು ಕಂಡು 1921ರಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿದ ಸರ್ ಸಿ. ವಿ. ರಾಮನ್ನರು 1928ರಲ್ಲಿ ತಮ್ಮ ಮಹಾಶೋಧನೆಯನ್ನು ಮುಟ್ಟಿದರು. ಬಾಳಿನ ಉತ್ತರಾರ್ಧವನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. ಮಂಜಿನ ಹನಿಗಳಾದರೋ ಅಣುಗಳಿಗಿಂತ ಬಹು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಸರಿಸಮನಾಗಿ ಚೆದರಿಸುವುದರಿಂದ ಮಂಜು ಬಿಳಿಯಾಗಿ ಕಾಣುತ್ತದೆ. ಹತ್ತಿರದ ಬೆಟ್ಟ ಗಾಢ, ಅದರ ಹಿಂದಿನದು ತೆಳು, ಅದರ ಹಿಂದಿನದು ಇನ್ನೂ ತೆಳು. ಚಪ್ಪಟೆಯಾದ ಕಾಗದದ ಮೇಲೆ ಹರದಾರಿಗಳ ದೂರ ಹುಟ್ಟುವುದು ಈ ಮೆಟ್ಟಿಲುಗಳಿಂದ.

ನಮ್ಮ ಸೀಮೆಯ ಮೂರು ಮಬ್ಬುಗಳು

ಮೊದಲನೆಯದು ಆಷಾಢ ಶ್ರಾವಣಗಳ ಮೋಡ. ಜೂನಿನಿಂದ ಆಗಸ್ಟಿನವರೆಗೆ ನೈಋತ್ಯ ಮಾರುತ ಕೊಡಗಿನಲ್ಲೂ ವೈನಾಡಿನಲ್ಲೂ ಸುರಿಯುವ ಮಳೆ ಕಾವೇರಿ ಕಪಿಲೆಗಳನ್ನು ತುಂಬುತ್ತದೆ. ಘಟ್ಟವನ್ನು ದಾಟಿ ನಮ್ಮ ಕಡೆಗೆ ಬರುವಷ್ಟರಲ್ಲಿ ಮೋಡ ತನ್ನ ಸರಕನ್ನು ಬಹುಪಾಲು ಇಳಿಸಿಬಿಟ್ಟಿರುತ್ತದೆ. ಹೀಗಾಗಿ ನಮಗೆ ದಕ್ಕುವುದು ಗಾಳಿ, ಜಿಟಿಜಿಟಿ ಹನಿ, ದಿನವಿಡೀ ಚಾಪೆ ಹಾಸಿದಂಥ ಮೋಡ. ರೈತನಿಗೆ ಇದು ಸಂತೋಷದ ಸಂಗತಿಯಲ್ಲ. ಛಾಯಾಗ್ರಾಹಕನಿಗಾದರೋ ಇಂಥ ಕೂಡುವಿಕೆ ಬೇರೆಡೆ ದುರ್ಲಭ: ನೀರು ಕೊಡಗಿನದು, ಮೋಡದ ನೆರಳೂ ಆ ಕಡೆಯಿಂದಲೇ ಬಂದದ್ದು, ಆದರೆ ಕ್ಯಾಮರಾವನ್ನು ನೆನೆಸುವ ಜಡಿಮಳೆ ಇಲ್ಲ.

ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ನೀರು ಹೊರಬಿದ್ದಾಗ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನೋಡಬೇಕು. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ಇಲ್ಲಿ ದ್ವೀಪವೊಂದನ್ನು ಬಳಸಿ ಎರಡಾಗಿ ಸೀಳಿ, ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕುತ್ತದೆ. ಬೇಸಗೆಯಲ್ಲಿ ಹೋದವರಿಗೆ ಕಾಣುವುದು ಬಂಡೆಗಳ ರಾಶಿ. ಇದ್ದ ನೀರು ವಿದ್ಯುದಾಗಾರದ ಕಾಲುವೆಗೆ ತಿರುಗಿರುತ್ತದೆ. 1902ರಲ್ಲಿ ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿದ ಸಂಗತಿ ನಮಗೆಲ್ಲ ಪಾಠವಾಗಿ ಬಂದಿದೆ. ಆ ಹಿರಿಮೆಯ ಜೊತೆಗೆ ಬಂದ ಕಂಬ ತಂತಿಗಳು ಚಿತ್ರದಲ್ಲಿ ಅಡ್ಡ ಬರುವುದುಂಟು. ಹಿನ್ನೆಲೆಯ ತಂತಿಗಳನ್ನು ಜಲಪಾತದ ತುಂತುರೇ ಹಲವು ವೇಳೆ ಮರೆಮಾಡುತ್ತದೆ. ಮಬ್ಬು ಬೆಳಕಿನ ಉಪಕಾರಗಳಲ್ಲಿ ಇದೂ ಒಂದು.

ಎರಡನೆಯದು ಮಾರ್ಗಶಿರ ಪುಷ್ಯಗಳ ಮಂಜು. ಮೋಡವಿಲ್ಲದ, ಗಾಳಿಯಿಲ್ಲದ ಚಳಿಯ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಅದರಲ್ಲಿದ್ದ ಆವಿ ಹನಿಗಟ್ಟುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಮಂಜು ದಟ್ಟ. ಮಂಡ್ಯದ ಸುತ್ತ ತೇವಕ್ಕೇನು ಕೊರತೆ? ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಾಲುವೆಗಳು, ನೀರು ನಿಂತ ಭತ್ತದ ಗದ್ದೆ, ಕಬ್ಬಿನ ತೋಟ, ಕೆರೆ, ಇವೆಲ್ಲ ಕೂಡಿ ರಾತ್ರಿಯಿಡೀ ಗಾಳಿಗೆ ನೀರುಣಿಸುತ್ತವೆ. ಅಂದರೆ ನಮ್ಮ ಬೆಳಗಿನ ಮಂಜಿನಲ್ಲಿ ಪ್ರಕೃತಿಯ ಪಾಲಿನಂತೆ ನಾಲೆಯನ್ನು ತೋಡಿದವರ ಪಾಲೂ ಇದೆ. ಇದಕ್ಕೆ ಆಲೆಮನೆಯ ಹೊಗೆ ಸೇರಿಕೊಳ್ಳುತ್ತದೆ. ನೆಲದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುವ ಬೆಳಗಿನಲ್ಲಿ ಹೊಗೆ ಮೇಲೇರಲಾರದೆ ತೆಂಗಿನ ಮರಗಳ ಎತ್ತರದಲ್ಲಿ ಅಡ್ಡಡ್ಡಲಾಗಿ ಹಾಸಿಕೊಳ್ಳುತ್ತದೆ. ಬಿಸಿಲೇರಿ ನೆಲ ಕಾದೊಡನೆ ಈ ಸಂಭ್ರಮವೆಲ್ಲ ಮುಗಿಯಿತು. ಆದ್ದರಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಜಾಗದಲ್ಲಿ ನಿಂತಿರಬೇಕು.

ಮದ್ದೂರಿನವರಿಗೆ ಈ ಕಾಲದಲ್ಲಿ ಶಿಂಷೆಯ ದಂಡೆಯೇ ಸಾಕು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ ಹುಟ್ಟಿ ಬರುವ ಈ ಹೊಳೆಗೆ ಕದಂಬ ನದಿಯೆಂಬ ಹೆಸರೂ ಉಂಟು. ವೈದ್ಯನಾಥಪುರದ ದೇವಸ್ಥಾನದ ಬಳಿ ಹೊಳೆಯ ಮೇಲೆ ಮಂಜು ನಿಂತಾಗ ನೀರೆಲ್ಲಿ ಮುಗಿಯಿತು, ದಡವೆಲ್ಲಿ ಮೊದಲಾಯಿತು ಎಂದು ತಿಳಿಯುವುದಿಲ್ಲ. ಇದೇ ತಾಲ್ಲೂಕಿನ ಆರೆತಿಪ್ಪೂರಿನಲ್ಲಿ ಜೈನರ ಪ್ರಾಚೀನ ಗುಡ್ಡವಿದೆ. ಎತ್ತರ ಹೆಚ್ಚಿಲ್ಲ, ಆದರೆ ಮಂಜಿನ ಮೇಲೆ ತಲೆಯೆತ್ತುವುದಕ್ಕೆ ಹೆಚ್ಚು ಎತ್ತರವೂ ಬೇಡ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುವ ಕಾಲವೂ ಚಳಿಗಾಲದಿಂದ ಬೇಸಗೆಯವರೆಗೆ. ಅಲ್ಲಿ ಕ್ಯಾಮರಾ ಹಿಡಿದವರೆಲ್ಲ ಹಕ್ಕಿಯ ಮುಖವನ್ನೇ ಹಿಗ್ಗಿಸುತ್ತಾರೆ. ಮಬ್ಬಿನಲ್ಲಿ ಮರ, ಮನೆ, ಹಕ್ಕಿ ಮೂರನ್ನೂ ಒಂದಾಗಿ ತೋರಿಸಿದರೆ ಆ ಊರಿನ ನಿಜವಾದ ಕಥೆ ಹೇಳಿದಂತಾಗುತ್ತದೆ.

ಮೂರನೆಯದು ಸಂಧ್ಯೆ, ಇದು ವರ್ಷದ ಎಲ್ಲ ದಿನಗಳಲ್ಲೂ ಸಿಗುವಂಥದು. ಮಂಡ್ಯ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೂ ಆಗಸ್ಟ್ ಮೂರನೆಯ ವಾರದ ಹೊತ್ತಿಗೂ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಆತ ಇಲ್ಲಿ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಮುಳುಗುತ್ತಾನೆ. ಲಂಡನ್ನಿನಲ್ಲಿ ಜೂನ್ ತಿಂಗಳ ಸಂಜೆ ಸೂರ್ಯಾಸ್ತದ ಬಳಿಕ ಮುಕ್ಕಾಲು ಗಂಟೆ ಕೆಲಸಕ್ಕೆ ಬರುವ ಬೆಳಕಿದ್ದರೆ, ನಮಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಮಾತ್ರ. ಪರದೇಶದ ಪುಸ್ತಕಗಳನ್ನು ಓದಿಕೊಂಡು ಸಂಜೆ ಬೆಳಕನ್ನು ಅರಸುವವರು ಈ ಲೆಕ್ಕವನ್ನು ನೆನಪಿಡಬೇಕು. ಎಲ್ಲಿ ನಿಲ್ಲಬೇಕು, ಏನನ್ನು ಹಿಡಿಯಬೇಕು ಎಂಬುದನ್ನು ಹಗಲಿನಲ್ಲೇ ಗೊತ್ತುಮಾಡಿಕೊಂಡಿರಬೇಕು.

ಕೈಕೆಲಸ

ಇನ್ನು ಮಾಡುವ ಬಗೆ. ಬೆಲೆಬಾಳುವ ಕ್ಯಾಮರಾ ನಮ್ಮಲ್ಲಿ ಬಹಳ ಮಂದಿಗೆ ಇಲ್ಲ. ಇಲ್ಲಿ ಹೇಳುವ ಹೆಚ್ಚಿನ ಮಾತು ಮೊಬೈಲಿಗೂ ಸಲ್ಲುತ್ತದೆ.

ಬಿಸಿಲಿಗೆ ಹಳೆಯ ಸೂತ್ರವೊಂದುಂಟು: ಐಎಸ್‌ಒ 100 ಇದ್ದರೆ ಕಿಂಡಿ ಎಫ್/16, ಕಾಲ ಸೆಕೆಂಡಿನ 100ರಲ್ಲಿ ಒಂದು ಭಾಗ. ದಟ್ಟ ಮೋಡವಿದ್ದಾಗ ಕಿಂಡಿಯನ್ನು ಎಫ್/5.6ಕ್ಕೆ ಹಿಗ್ಗಿಸಬೇಕು, ಅಂದರೆ ಎಂಟು ಪಾಲು ಹೆಚ್ಚು ಬೆಳಕು ಬಿಡಬೇಕು. ಈಗಿನ ಯಂತ್ರ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಆದರೆ ಮಂಜಿನ ಮುಂದೆ ಅದರ ಲೆಕ್ಕ ತಪ್ಪುತ್ತದೆ. ತನ್ನ ಮುಂದಿರುವ ನೋಟ ಒಟ್ಟಿನಲ್ಲಿ ನಡುಬೂದು ಬಣ್ಣದ್ದೆಂದು ಭಾವಿಸುವಂತೆ ಅದನ್ನು ಮಾಡಿರುತ್ತಾರೆ. ಬೆಳ್ಳಗಿನ ಮಂಜನ್ನು ಕಂಡರೆ ‘ಬೆಳಕು ಹೆಚ್ಚಾಯಿತು’ ಎಂದು ಅದು ತಗ್ಗಿಸಿಬಿಡುತ್ತದೆ. ಬಿಳಿಯ ಮಂಜು ಬೂದಿಯ ಬಣ್ಣಕ್ಕಿಳಿಯುತ್ತದೆ. ಆಗ ಒಂದರಿಂದ ಒಂದೂವರೆ ಮೆಟ್ಟಿಲು ಬೆಳಕನ್ನು ನಾವೇ ಏರಿಸಬೇಕು. ಮೊಬೈಲಿನಲ್ಲಿ ತೆರೆಯನ್ನು ಮುಟ್ಟಿದರೆ ಪುಟ್ಟ ಸೂರ್ಯನ ಗುರುತೊಂದು ಸಾಮಾನ್ಯವಾಗಿ ಕಾಣುತ್ತದೆ. ಅದನ್ನು ಬೆರಳಿನಿಂದ ಮೇಲಕ್ಕೆ ಸರಿಸಿದರಾಯಿತು. ಜಲಪಾತದಲ್ಲಿ ಮಾತ್ರ ಎಚ್ಚರ ಬೇಕು. ನೊರೆ ಸುಟ್ಟುಹೋಗದಂತೆ ನೋಡಿಕೊಂಡು ಆಮೇಲೆ ಬೆಳಕನ್ನು ಹೊಂದಿಸಬೇಕು. ಸುಟ್ಟುಹೋದ ಬಿಳಿಯನ್ನು ಯಾವ ವಿದ್ಯೆಯೂ ಮರಳಿ ತರಲಾರದು.

ನೀರಿನ ರೂಪ ಕಾಲದ ಕೈಯಲ್ಲಿದೆ. ಸೆಕೆಂಡಿನ 500ರಲ್ಲಿ ಒಂದು ಭಾಗದಲ್ಲಿ ತೆಗೆದರೆ ಒಂದೊಂದು ಹನಿಯೂ ಗಾಜಿನಂತೆ ನಿಲ್ಲುತ್ತದೆ. ಅರ್ಧ ಸೆಕೆಂಡು ಬಿಟ್ಟರೆ ನೀರು ಕಡೆದಿಟ್ಟ ಮಜ್ಜಿಗೆಯಂತೆ ಹರಿಯುತ್ತದೆ. ಮೆದು ಬೆಳಕಿನಲ್ಲಿ ಎರಡನೆಯದು ಸುಲಭ. ಆದರೆ ಗಗನಚುಕ್ಕಿಯಂಥ ಆರ್ಭಟದ ನೀರನ್ನೆಲ್ಲ ಮಜ್ಜಿಗೆ ಮಾಡಿದರೆ ಅದರ ಸ್ವಭಾವಕ್ಕೆ ಅನ್ಯಾಯವಾಗುತ್ತದೆ. ಶಿಂಷೆಗೆ ದೀರ್ಘ ಕಾಲ, ಜಲಪಾತಕ್ಕೆ ಅಲ್ಪ ಕಾಲ ಎಂಬುದು ನನ್ನ ಪಕ್ಷ. ಒಪ್ಪದವರು ತಮ್ಮ ಚಿತ್ರದ ಮೂಲಕ ವಾದಿಸಬಹುದು. ದೀರ್ಘ ಕಾಲಕ್ಕೆ ಮುಕ್ಕಾಲಿ ಬೇಕು. ಅದಿಲ್ಲದಿದ್ದರೆ ಮರಳು ತುಂಬಿದ ಬಟ್ಟೆಯ ಚೀಲವನ್ನು ಬಂಡೆಯ ಮೇಲಿಟ್ಟು ಅದರಲ್ಲಿ ಕ್ಯಾಮರಾವನ್ನು ಕೂರಿಸಿ, ಎರಡು ಸೆಕೆಂಡು ತಡವಾಗಿ ತೆಗೆಯುವ ಏರ್ಪಾಟನ್ನು ಬಳಸಿದರೆ ಕೈ ನಡುಗಿನ ದೋಷ ತಗಲುವುದಿಲ್ಲ. ತುಂತುರನ್ನು ಒರೆಸಲು ಒಗೆದೊಗೆದು ಸವೆದ ಹತ್ತಿಯ ಪಂಚೆಯ ತುಂಡಿಗಿಂತ ಉತ್ತಮವಾದದ್ದಿಲ್ಲ.

ಚೌಕಟ್ಟಿನ ವಿಷಯದಲ್ಲಿ ಎರಡು ಮಾತು. ಮೋಡ ಕವಿದ ಆಕಾಶ ಬೆಳಕು ಕೊಡುವುದರಲ್ಲಿ ಉದಾರಿ, ನೋಡುವುದಕ್ಕೆ ನೀರಸ. ಅದನ್ನು ಚಿತ್ರದಿಂದ ಹೊರಗಿಡಬೇಕು, ಇಲ್ಲವೇ ಸಣ್ಣದೊಂದು ಪಟ್ಟಿಯಷ್ಟು ಬಿಡಬೇಕು. ಎರಡನೆಯದು: ಬರಿಯ ಮಂಜು ಚಿತ್ರವಾಗುವುದಿಲ್ಲ. ಹತ್ತಿರದಲ್ಲಿ ಗಾಢವಾದ ವಸ್ತುವೊಂದು ಇರಬೇಕು. ಒಂದು ತೆಂಗಿನ ಮರವೋ, ಎತ್ತಿನ ಗಾಡಿಯೋ, ಬಂಡೆಯೋ, ಗುದ್ದಲಿ ಹೊತ್ತು ಬದುವಿನ ಮೇಲೆ ನಡೆಯುವ ಮನುಷ್ಯನೋ. ಅದರ ಕಪ್ಪನ್ನು ಕಂಡ ಮೇಲೆಯೇ ಕಣ್ಣು ಹಿಂದಿನ ಬಿಳಿಯನ್ನು ಮಂಜೆಂದು ನಂಬುತ್ತದೆ.

ಹಿರಿಯರ ದಾರಿ

ಈ ದಾರಿ ಹೊಸದಲ್ಲ. 1860ರ ದಶಕದಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲನು ಗಾಜಿನ ಫಲಕಗಳನ್ನು ಕೂಲಿಯಾಳುಗಳ ಮೇಲೆ ಹೊರಿಸಿಕೊಂಡು ಹಿಮಾಲಯವನ್ನು ಹತ್ತಿದನು. ಫಲಕಕ್ಕೆ ಹಚ್ಚಿದ ಮದ್ದು ಒಣಗುವುದರೊಳಗೆ ಚಿತ್ರ ತೆಗೆದು ಡೇರೆಯ ಕತ್ತಲಲ್ಲಿ ತೊಳೆಯಬೇಕಾಗಿತ್ತು. ಪಿ. ಎಚ್. ಎಮರ್ಸನ್ ಎಂಬುವನು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಜೌಗು ನೆಲದಲ್ಲಿ ಮಂಜು ಮುಸುಕಿದ ನೀರನ್ನೂ ಅಲ್ಲಿ ಜೊಂಡು ಕೊಯ್ಯುವ ಜನರನ್ನೂ ಚಿತ್ರಿಸಿದನು. ಕಣ್ಣು ಎಲ್ಲವನ್ನೂ ಒಂದೇ ಸಮನಾಗಿ ಸ್ಪಷ್ಟವಾಗಿ ನೋಡುವುದಿಲ್ಲ, ಚಿತ್ರವೂ ಹಾಗಿರಬೇಕಾಗಿಲ್ಲ ಎಂದು 1889ರ ತನ್ನ ಗ್ರಂಥದಲ್ಲಿ ವಾದಿಸಿದನು. ಚೀನದ ಲಾಂಗ್ ಜಿಂಗ್‌ಶಾನ್ (1892–1995) ಹಲವು ನೆಗೆಟಿವುಗಳನ್ನು ಕೂಡಿಸಿ ಮಸಿಯ ಚಿತ್ರಗಳಂಥ ಬೆಟ್ಟಗಳನ್ನು ನಿರ್ಮಿಸಿದನು. ಅವನ ಮಂಜೆಂದರೆ ಬಿಳಿಯ ಕಾಗದವನ್ನು ಮುಟ್ಟದೆ ಬಿಟ್ಟ ಜಾಗ.

ನಮ್ಮ ನಾಡೂ ಹಿಂದೆ ಬಿದ್ದಿಲ್ಲ. 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಹಣ ಒಕ್ಕೂಟದ ಹಿಂದೆ ಬೆಂಗಳೂರಿನ ಡಾ. ಜಿ. ಥಾಮಸ್ ಅವರ ದುಡಿಮೆಯಿತ್ತು. ಟಿ. ಎನ್. ಎ. ಪೆರುಮಾಳ್ (1932–2017) ಮತ್ತು ಇ. ಹನುಮಂತರಾವ್ ಅವರು ಕಾಡಿನ ಚಿತ್ರಗಳಿಂದ ಲೋಕಮಾನ್ಯರಾದರು. ರಾಜ್ಯದ ಅರ್ಥಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪು ಬಿಳುಪಿನಲ್ಲಿ ವನ್ಯಜೀವನವನ್ನು ಸೆರೆಹಿಡಿದು ಹೊರತಂದ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಅದರಲ್ಲೂ ನೆರಳಿಗೆ ಸಮಪಾಲು ಸಂದಿದೆಯಷ್ಟೆ.

ಏತಕ್ಕಾಗಿ ತೆಗೆಯಬೇಕು?

ಇಷ್ಟೆಲ್ಲ ಶ್ರಮ ಏತಕ್ಕೆಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳಬೇಕು. ಹಿಂದೆ ನಮ್ಮ ಪೇಟೆಗಳ ಸ್ಟುಡಿಯೋಗಳಲ್ಲಿ ಬಣ್ಣದ ಪರದೆಯೊಂದು ತೂಗುತ್ತಿತ್ತು. ಅದರ ಮೇಲೆ ಹಿಮ ಹೊದ್ದ ಬೆಟ್ಟ, ಸರೋವರ, ಎರಡು ಹಂಸ. ನಮ್ಮ ಮನೆಯಲ್ಲಿರುವ ತಾತನವರ ಒಂದೇ ಒಂದು ಭಾವಚಿತ್ರವೂ ಅಂಥ ಪರದೆಯ ಮುಂದೆ ತೆಗೆದದ್ದು. ಹಿಮವನ್ನು ಅವರು ಎಂದೂ ಕಂಡವರಲ್ಲ. ಜೀವಮಾನವೆಲ್ಲ ಅವರು ನೀರು ಕಟ್ಟಿದ ಗದ್ದೆ, ಎತ್ತು ತೊಳೆದ ಹೊಳೆ, ದಿನ ಬೆಳಗಾದರೆ ಕಂಡ ಗುಡ್ಡ, ಇವುಗಳ ಚಿತ್ರ ಒಂದೂ ಇಲ್ಲ. ಒಕ್ಕಲು ಮಕ್ಕಳಾದ ನಮ್ಮಲ್ಲಿ ಬಹುಮಂದಿಯ ಮನೆಯ ಸ್ಥಿತಿ ಇದೇ. ಬೆಟ್ಟವೂ ಹೊಳೆಯೂ ಚಿತ್ರಕ್ಕೆ ಯೋಗ್ಯವೆಂದು ಆ ಪರದೆಯನ್ನು ಬರೆದವನಿಗೆ ಗೊತ್ತಿತ್ತು. ನಮ್ಮ ಬೆಟ್ಟ, ನಮ್ಮ ಹೊಳೆ ಎಂಬುದಷ್ಟೇ ಹೊಳೆಯಲಿಲ್ಲ.

ಇಂದು ಆ ಗುಡ್ಡ ಹೊಳೆಗಳೂ ಇದ್ದಂತೆ ಇಲ್ಲ. ಮರಳು ತೋಡಿ ತೋಡಿ ಶಿಂಷೆಯ ಪಾತ್ರ ಕೆಟ್ಟಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳ ವಿವಾದ ಕನ್ನಂಬಾಡಿ ಕಟ್ಟೆಯ ಕ್ಷೇಮದ ಪ್ರಶ್ನೆಯಾಗಿ ನ್ಯಾಯಾಲಯದವರೆಗೆ ಹೋಯಿತು. ಬೆಟ್ಟ ಕರಗಿದ ಮೇಲೆ ಅದರ ಆಕಾರ ಹೇಗಿತ್ತೆಂದು ಮಾತಿನಲ್ಲಿ ಹೇಳುವುದು ಕಷ್ಟ. ಮಬ್ಬು ಬೆಳಕಿನಲ್ಲಿ ಒಳ್ಳೆಯದಾಗಿ ತೆಗೆದ ಚಿತ್ರ ಆ ಆಕಾರವನ್ನು, ಅದರ ಮಗ್ಗುಲಿನ ಪ್ರತಿಯೊಂದು ಮಡಿಕೆಯನ್ನು ಉಳಿಸುತ್ತದೆ. ಅದು ಸೌಂದರ್ಯವೂ ಹೌದು, ಸಾಕ್ಷಿಯೂ ಹೌದು.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಬಾರದು. ಮುತ್ತತ್ತಿಯ ಮಡುಗಳಲ್ಲಿ ಇಳಿದು ಮರಳದವರು ಅನೇಕರು. ಜಲಪಾತದ ಬಂಡೆಯ ಮೇಲೆ ಚಿತ್ರಕ್ಕೆಂದು ನಿಂತು ಜಾರಿದವರೂ ಉಂಟು. ಅವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು. ತುಂಬಿದ ಹೊಳೆಯ ಪಾಚಿ ಬಂಡೆ ಮಬ್ಬಿನಲ್ಲಿ ಇನ್ನೂ ಮೋಸಗಾರ. ಗಗನಚುಕ್ಕಿಯನ್ನು ಮಳವಳ್ಳಿಯ ಕಡೆಯ ವೀಕ್ಷಣಾ ಕಟ್ಟೆಯಿಂದ, ಕಂಬಿಯ ಈಚೆಯಿಂದಲೇ ತೆಗೆಯಬೇಕು. ಕಣಿವೆಯ ತುಂತುರಿನೊಡನೆ ಜಲಪಾತವೆಲ್ಲ ಒಂದೇ ನೋಟಕ್ಕೆ ಸಿಗುವುದೂ ಅಲ್ಲಿಂದಲೇ. ಕಟ್ಟೆಯಿಂದ ನೀರು ಬಿಡುವ ಮುನ್ಸೂಚನೆ ಬಂದ ದಿನ ಹೊಳೆಯ ಪಾತ್ರಕ್ಕೆ ಇಳಿಯಲೇಬಾರದು.

ನಮ್ಮ ಕಾಲೇಜಿನಲ್ಲಿ ಮೂರು ತಾಲ್ಲೂಕುಗಳ ನೂರಾರು ಹಳ್ಳಿಗಳಿಂದ ಬಂದವರಿದ್ದೇವೆ. ಒಬ್ಬೊಬ್ಬರು ತಮ್ಮ ಊರಿನ ಗುಡ್ಡವನ್ನೋ ಕೆರೆಯನ್ನೋ ನಾಲೆಯ ಏರಿಯನ್ನೋ ವರ್ಷದ ಮೂರು ಮಬ್ಬುಗಳಲ್ಲಿ ಒಂದೊಂದು ಸಲ ತೆಗೆದು, ಊರಿನ ಹೆಸರು, ದಿನ, ಹೊತ್ತು ಬರೆದಿಟ್ಟರೂ ಸಾಕು. ಮುಂದಿನ ವರ್ಷ ಈ ಸಂಚಿಕೆಗೆ ಬೇಕಾದಷ್ಟು ಚಿತ್ರಗಳಾಗುತ್ತವೆ, ಮುಂದಿನ ತಲೆಮಾರಿಗೆ ಒಂದು ಭಂಡಾರವಾಗುತ್ತದೆ. ಆಷಾಢ ದೂರವಿಲ್ಲ. ಮೋಡ ಕವಿದ ದಿನ ಮನೆಯಲ್ಲಿ ಕೂರದೆ ಹೊರಡೋಣ.